ಗಾಳಿಗೆ ಎದುರಿನ ತುದಿ

ಏನೂಂದ್ರೆ,

ನೀವು ಹೋಗಿ ವರ್ಷವಾಯಿತೆಂದು ಇವತ್ತು ಅಕ್ಸ್‌ಬ್ರಿಡ್ಜ್‌ನ ಕ್ರಿಕೆಟ್ ಕ್ಲಬ್‌ನವರು ನಿಮ್ಮ ನೆನಪಿಗೆ ಒಂದು ಮ್ಯಾಚ್ ಆಡಿಸಿದರು. ನಿಮ್ಮ ಕೌಂಟಿ ತಂಡದ ಆಗಿನ ಕ್ಯಾಪ್ಟನ್ ಬ್ರೈಸ್ ಕೂಡ ಬಂದಿದ್ದರು. ಟೀ ಹೊತ್ತಿಗೆ ಎದ್ದು ನಿಂತು ಹೊಗಳಿದ್ದೇ ಹೊಗಳಿದ್ದು.

"ಜೇ ಬಂಗಾರದಂಥ ಮನುಷ್ಯ. ಗಾಳಿಗೆ ಎದುರಾಗಿ ದಿನವಿಡೀ ಬೌಲ್ ಮಾಡು ಅಂದ್ರೂ ಮಾಡ್ತಿದ್ದ. ಒಂದು ಸಲಾನೂ ಬೇಜಾರು ಮಾಡ್ಕೊಳ್ಳಲಿಲ್ಲ."

ನಿಮ್ಮ ಪೂರ್ತಿ ಹೆಸರಿಗೆ ಅವರ ನಾಲಿಗೆ ಇವತ್ತಿಗೂ ಹೊರಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು.

ಪಿಚ್ಚಿನಲ್ಲಿ ಗಾಳಿ ಬೆನ್ನಿಗಿರುವ ತುದಿ ಅವರ ಗೆಳೆಯರಿಗೆ, ವಿಕೆಟ್ಟೂ ಅವರಿಗೇ. ಎದುರುಗಾಳಿಯಲ್ಲಿ ಏದುಸಿರು ಬಿಡುತ್ತ ಓಡಿದವರು ನೀವು. ಕೊನೆಗೆ ವಿಕೆಟ್ ಸಾಲದೆಂದು ಒಂದೇ ಸೀಸನ್ನಿಗೆ ನಿಮ್ಮನ್ನು ಮನೆಗೆ ಕಳಿಸಿದವರೂ ಇವರೇ!

"ಯಾವ ಕಡೆಯಿಂದ ಹಾಕ್ತೀಯ ಅಂತ ಒಂದು ದಿನ ಅವರನ್ನ ಕೇಳಿದ್ರಾ?" ಎಂದು ಎಲ್ಲರೆದುರೇ ಕೇಳಿದೆ.

ಬ್ರೈಸ್ ಕೈಯಲ್ಲಿದ್ದ ಕಪ್ಪನ್ನೇ ನೋಡುತ್ತ, "ಅವನೇ ಹೇಳಬಹುದಿತ್ತಲ್ಲ" ಎಂದರು.

"ಮಮ್, ಪ್ಲೀಸ್," ಎಂದು ನಮ್ಮ ವರುಣ್ ನನ್ನ ತೋಳು ಹಿಡಿದೆಳೆದ.

ನೀವೇ ಹೇಳಬೇಕಿತ್ತಂತೆ! ಕೇಳುವುದಕ್ಕೆ ಇವರಿಗೇನು ಬಾಯಿ ಬಿದ್ದುಹೋಗಿತ್ತೇ?

ಆಮೇಲೆ ಕೆಂಟನ್‌ನ ಮನೆಗೆ ವಾಪಸು ಬರಲು ನಾವು ಯಾವಾಗಲೂ ನಿಲ್ಲುತ್ತಿದ್ದ ಬಸ್‌ಸ್ಟಾಪಿನಲ್ಲೇ ನಿಂತೆ. ಗಾಳಿ ನೇರ ಮುಖಕ್ಕೇ ಬಡಿಯಿತು. ಅದು ಬರುವ ಕಡೆಗೆ ಯಾವತ್ತೂ ನೀವೇ ನಿಲ್ಲುತ್ತಿದ್ದಿರಿ. ಇಷ್ಟು ವರ್ಷ, ನಿಮಗೆ ಚಳಿಯೇ ಆಗುವುದಿಲ್ಲ ಅಂದುಕೊಂಡಿದ್ದೆ.