ಒಂದೇ ಕಿವಿಗಾಗುವಷ್ಟು ಚಿನ್ನ

ಸೆಪ್ಟೆಂಬರ್ 7, ಭಾನುವಾರ

ಹಸುವಿಗೆ ಹುಲ್ಲು ಹಾಕಿ, ಚಹಾ ಕುಡಿದು, ಮತ್ತೆ ಗ್ಯಾರೇಜು. ಇವತ್ತು ಎರಡನೇ ಕಪಾಟು ಬಿಚ್ಚಿದೆವು. ತಿರುಪುಗಳಿಗೆಲ್ಲ ತುಕ್ಕು. ತಮ್ಮ ಸಗಿನಾಲಿ ಒಂದೊಂದು ತಿರುಪಿಗೂ ಒಂದೊಂದು ಹೊಸ ಬೈಗುಳ ಹುಡುಕಿದ. ನಾನು ಎಣ್ಣೆ ಬಿಡುವವಳು. ಬೈಗುಳ ಮುಗಿಯುವ ಹೊತ್ತಿಗೆ ತಿರುಪು ಸಡಿಲ.

ಮನೆ ಹಿಂದಿನ ಗ್ಯಾರೇಜು ಸಾಲನ್ನೇ ಕೆಡವುತ್ತಾರೆ. ರಸ್ತೆ ಅಗಲ ಮಾಡಬೇಕಂತೆ. ನವೆಂಬರ್ ಮುಗಿಯುವುದರೊಳಗೆ ಖಾಲಿ ಮಾಡಿ ಅಂತ ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದಾರೆ. ನಾನು ಕೆಲಸ ಮಾಡುತ್ತಿದ್ದ ಲೆಕ್ಕ ಕೇಂದ್ರ ಮುಚ್ಚಿದ ವರ್ಷ ಅಲ್ಲಿಯ ಕಂಪ್ಯೂಟರನ್ನು ಅಂಗಳಕ್ಕೆ ಎಸೆದಿದ್ದರು, ಮೇಲೆ ಹಿಮ ಬೀಳುತ್ತಿತ್ತು. ನೋಡಲಾಗದೆ ನಾನೂ ತಮ್ಮನೂ ಕುದುರೆ ಗಾಡಿಯಲ್ಲಿ ಹೇರಿಕೊಂಡು ಬಂದೆವು. ಕಪಾಟು, ಬೋರ್ಡು, ಟೇಪಿನ ಚಕ್ರ, ತಂತಿಯ ಗೊಂಚಲು. ಯಾವತ್ತಾದರೂ ಬೇಕಾಗುತ್ತದೆ ಅಂದುಕೊಂಡಿದ್ದೆವು. ಯಾವತ್ತೂ ಬೇಕಾಗಲಿಲ್ಲ.

ಈಗಿನವರಿಗೆ ಕಂಪ್ಯೂಟರ್ ಅಂದರೆ ತೊಡೆಯ ಮೇಲೆ ಕೂರುವಂಥದ್ದು. ನಮ್ಮದು ಒಂದು ಹಾಲ್ ತುಂಬ ನಿಂತಿತ್ತು. ನಾನು ಅದಕ್ಕೆ ಕಾರ್ಡು ತೂತು ಹೊಡೆದು ಕೊಡುತ್ತಿದ್ದೆ. ಇಡೀ ಜಿಲ್ಲೆಯ ಕುರಿಗಳು ನನ್ನ ಬೆರಳಡಿ ಹಾದು ಹೋಗಿವೆ — ಇದ್ದವೂ, ಕಾಗದದ ಮೇಲೆ ಮಾತ್ರ ಇದ್ದವೂ.

ಸೆಪ್ಟೆಂಬರ್ 12

ಮ್ಯೂಸಿಯಮ್ಮಿನವರು ಬಂದರು. ಫೋಟೋ ತೆಗೆದುಕೊಂಡರು. "ನಮ್ಮಲ್ಲಿ ಜಾಗ ಇಲ್ಲ ಅಜ್ಜಿ" ಅಂದರು. ಚಹಾ ಕುಡಿದು ಹೋದರು.

ಮಧ್ಯಾಹ್ನ ಗುಜರಿಯ ಫರಿತ್. ತಾತಾರರ ಹುಡುಗ, ಬಾಯಿ ನಿಲ್ಲುವುದಿಲ್ಲ. ಬೋರ್ಡುಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಕಪಾಟು ಕಬ್ಬಿಣ, ತೂಕಕ್ಕೆ ತಗೋತೀನಿ. ಇದ್ರಲ್ಲಿ ಹಳದಿ ಕಾಲಿರೋವು ಮಾತ್ರ ನಂಗೆ ಬೇಕು. ಮಿಕ್ಕಿದ್ದು ಕಸ."

"ಕಸ ಅಲ್ಲಪ್ಪ, ಕೆಲ್ಸ ಮಾಡ್ತದೆ ಇನ್ನೂ" ಅಂದೆ.

"ಏನ್ ಕೆಲ್ಸ ಅಜ್ಜಿ? ಕುರಿ ಎಣಿಸ್ತದಾ? ಕುರಿ ಎಲ್ಲಿದಾವೆ ಈಗ?"

ಆ ಹಳದಿ ಕಾಲು ಚಿನ್ನದ ಲೇಪ. ಎಲ್ಲರಿಗೂ ಗೊತ್ತು. ಪೇಟೆಯಲ್ಲಿ ಅದನ್ನು ಸುತ್ತಿಗೆಯಲ್ಲಿ ಜಜ್ಜಿ ಚೀಲದಲ್ಲಿ ಮಾರುತ್ತಾರೆ. ಫರಿತ್ ಹೋದ ಮೇಲೆ ಸಗಿನಾಲಿ ಒಂದು ಬೋರ್ಡು ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದ.

"ಅಕ್ಕ, ಅವ್ನಿಗ್ಯಾಕೆ ಕೊಡ್ಬೇಕು? ಚಿನ್ನ ನಾನೇ ತೆಗೀತೀನಿ. ಬೆರ್ಮೆತ್ ಕಿವಿಗೆ ಇದರ ಓಲೆ ಮಾಡ್ಸೋಣ. ನೀನು ಕೆಲ್ಸ ಮಾಡಿದ ಮೆಷಿನ್ನು, ನಮ್ಮನೆಗೆ ಬರೋ ಸೊಸೆ ಕಿವೀಲಿ."

ನಾನು ಒಳಗೆ ಹೋಗಿ ಕತ್ತರಿ ತಂದೆ.

ಸೆಪ್ಟೆಂಬರ್ 14

ತಮ್ಮನ ಹೆಂಡತಿ ಬುರುಲ್ ಬಿದ್ದು ಬಿದ್ದು ನಕ್ಕಳು. "ಕಸದಿಂದ ಓಲೆ! ಹುಡುಗಿ ಕಡೆಯವ್ರಿಗೆ ಏನಂತ ಹೇಳ್ಲಿ, ಕಂಪ್ಯೂಟರ್ ಕರಗಿಸಿ ತಂದಿದೀವಿ ಅಂತಾನಾ?"

"ಚಿನ್ನಕ್ಕೆ ಮುಖದ ಮೇಲೆ ಊರ ಹೆಸರು ಬರೆದಿರ್ತದಾ?" ಅಂದ ಸಗಿನಾಲಿ.

ಅವರ ಮಗ ಎರ್ಮೆಕ್ ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪು. ಬೆರ್ಮೆತ್ ಹೆಸರು ಬಂದರೆ ಹಾಗೇ. ಅಕ್ಟೋಬರ್ ಇಪ್ಪತ್ತೈದಕ್ಕೆ ಹುಡುಗಿಯ ಮನೆಗೆ ಹೋಗಿ ಓಲೆ ಇಡುವುದು ಅಂತ ಮಾತಾಗಿದೆ. ಓಲೆ ಇಟ್ಟರೆ ಮಾತು ಗಟ್ಟಿ. ಆಮೇಲೆ ಅವಳು ನಮ್ಮವಳು.

ಸೆಪ್ಟೆಂಬರ್ 21

ಚಿನ್ನ ಕರಗಿಸಲು ಆಮ್ಲ ಬಂತು, ಗಾಜಿನ ಜಾಡಿಗಳು ಬಂದವು. ಸಗಿನಾಲಿ ಗ್ಯಾರೇಜಿನ ಮುಂದೆ ಬಯಲಲ್ಲಿ ಮೇಜು ಹಾಕಿಕೊಂಡಿದ್ದಾನೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಫರಿತ್ ಹೇಳಿಕೊಟ್ಟದ್ದಂತೆ: ಹೊಗೆ ನಿನ್ನ ಕಡೆ ಬಂದರೆ ಎಲ್ಲ ಬಿಟ್ಟು ಓಡು.

ಹೊಗೆ ನರಿಯ ಬಣ್ಣ. ಮೇಜಿನಿಂದ ಇಳಿದು ನೆಲದ ಮೇಲೆ ತೆವಳಿಕೊಂಡು ಹೋಗುತ್ತದೆ. ಪಕ್ಕದ ಗ್ಯಾರೇಜಿನವರು ಬೈದರು. ಸಗಿನಾಲಿ ಟೋಪಿ ತೆಗೆದು ನಮಸ್ಕಾರ ಮಾಡಿದ. ಏನು ಮಾಡಲಿ ಇಂಥವನನ್ನು.

ನಾನು ಬೋರ್ಡಿನಿಂದ ಹಳದಿ ಕಾಲು ಕತ್ತರಿಸಿ ಕೊಡುತ್ತೇನೆ. ಡಿಸ್ಕು ಮುಚ್ಚಿಡುತ್ತಿದ್ದ ದುಂಡು ಪ್ಲಾಸ್ಟಿಕ್ ಮುಚ್ಚಳಗಳನ್ನು ಮಾತ್ರ ಎಸೆಯಲು ಬಿಡಲಿಲ್ಲ. ರೊಟ್ಟಿ ಮುಚ್ಚಲು ಅಷ್ಟು ಚೆನ್ನಾದದ್ದು ಪೇಟೆಯಲ್ಲಿ ಸಿಗುವುದಿಲ್ಲ.

ಅಕ್ಟೋಬರ್ 5

ಅಕ್ಕಸಾಲಿ ಕರಗಿಸಿ ಕೊಟ್ಟ. ಒಂದು ಗುಂಡು, ಜೋಳದ ಕಾಳಿಗಿಂತ ಚಿಕ್ಕದು. ಆದರೆ ಚಿನ್ನ! ಅಂಗೈಯಲ್ಲಿಟ್ಟುಕೊಂಡು ಮೂವರೂ ನೋಡಿದೆವು. ಬುರುಲ್ ನಗಲಿಲ್ಲ ಈ ಸಲ.

"ಒಂದು ಕಿವಿಗೆ ಆಗ್ತದಂತೆ" ಅಂದ ಸಗಿನಾಲಿ.

"ಹಂಗಾದ್ರೆ ಒಂದೇ ಕಿವಿ ಇರೋ ಹುಡುಗೀನ ಹುಡುಕ್ಬೇಕಿತ್ತು" — ಬುರುಲ್.

"ಇನ್ನೊಂದು ಕಿವಿ ನಾಲ್ಕನೇ ಕಪಾಟಿನಲ್ಲಿದೆ ಕಣೇ. ಹತ್ತು ದಿನ ಕೊಡು."

ಅಕ್ಟೋಬರ್ 16, ಗುರುವಾರ, ಸಂಜೆ

ಅಪ್ಪ ಅಮ್ಮನ ಹೆಸರಲ್ಲಿ ಕರಿಯಲು ಎಣ್ಣೆ ಇಟ್ಟೆ. ಗುರುವಾರ ಸತ್ತವರು ಮನೆ ಕಡೆ ಬರುತ್ತಾರೆ. ಬೋರ್ಸೋಕ್ ಕರಿದ ವಾಸನೆಯೇ ಅವರ ಊಟ. ತುಂಡು ಮಾಡಿದ ಹಿಟ್ಟು ಚೆನ್ನಾಗಿ ಉಬ್ಬಿತ್ತು. ಬುರುಲ್ ಪೇಟೆಗೆ, ಎರ್ಮೆಕ್ ಕೆಲಸಕ್ಕೆ. ಮನೆಯಲ್ಲಿ ನಾವಿಬ್ಬರೇ.

ಅಂಗಳದಲ್ಲಿ ಮೊದಲ ಬಾಣಲೆ ಕಾದಿತ್ತು, ಗಾಳಿ ತಿರುಗಿತು. ಸಗಿನಾಲಿಯ ಜಾಡಿಯ ಹೊಗೆ ನೇರ ನನ್ನ ಎಣ್ಣೆಯ ಮೇಲೆ. ಎದ್ದು ಹೋಗಿ ಗೋಡೆಯ ಮೇಲಿಂದ ಕೂಗಿದೆ.

"ಏಯ್ ಸಗಿನಾಲಿ! ಅಮ್ಮ ಬಂದು ಮೂಸಿದ್ರೆ ಏನಂದ್ಕೋತಾಳೆ? ಮಕ್ಳು ಬೋರ್ಸೋಕ್ ಇಟ್ಟಿದಾರೆ ಅಂತಾಳಾ, ಬ್ಯಾಟರಿ ಕರೀತಿದಾರೆ ಅಂತಾಳಾ?"

"ಸ್ವಲ್ಪ ತಡ್ಕೊಳಕ್ಕ, ಆಗೋಯ್ತು."

"ತಡ್ಕೊಳೋದು ನಾನಲ್ಲ, ಅವ್ರು. ಒಳಗೆ ತಗೊಂಡ್ಹೋಗಿ ಬಾಗ್ಲು ಹಾಕ್ಕೋ. ನಂದು ಮುಗಿಯೋವರ್ಗೂ ತೆಗೀಬೇಡ."

"ಸರಿ ಸರಿ. ಅಮ್ಮಂಗೆ ನನ್ ಸಲಾಮ್ ಹೇಳು."

ಜಾಡಿಗಳನ್ನು ಒಳಗೆ ಸಾಗಿಸಿ ಕಬ್ಬಿಣದ ಬಾಗಿಲು ಎಳೆದುಕೊಂಡ. ಆಮೇಲೆ ಅಂಗಳದಲ್ಲಿ ಎಣ್ಣೆಯ ವಾಸನೆ ಒಂದೇ. ಮೂರು ಬಾಣಲೆ ಕರಿದೆ, ಆತುರಪಡದೆ. ಆಮೇಲೆ ಕರೆದೆ.

ಕಣ್ಣು ಕೆಂಪಗೆ ಮಾಡಿಕೊಂಡು ಬಂದ. ಸ್ವಲ್ಪ ಕೆಮ್ಮು. ಬಿಸಿ ಹಾಲು ಕೊಟ್ಟೆ. ಲೆಕ್ಕ ಕೇಂದ್ರದಲ್ಲೂ ಬೆಸುಗೆ ಹಾಕುವವರಿಗೆ ದಿನಾ ಹಾಲು ಕೊಡುತ್ತಿದ್ದರು, ವಿಷ ಇಳಿಯುತ್ತದೆ ಅಂತ. ಕುಡಿದು ಸರಿಯಾದ. ತಾನೇ ಕುರಾನ್ ಓದಿದ, ಕೈ ಮುಖಕ್ಕೆ ಒರೆಸಿಕೊಂಡ. ಬೋರ್ಸೋಕನ್ನು ಕೆನೆಯಲ್ಲಿ ಅದ್ದಿ ಅದ್ದಿ ತಿಂದ. ಬುರುಲ್ ಬಂದ ಮೇಲೆ ಅವಳಿಗೆ ಕಿವಿ ಹಿಡಿದು ತೋರಿಸಿದ: "ಎರಡನೇದೂ ಜಾಡೀಲಿದೆ, ಇನ್ನು ನಗ್ಬೇಡ."

ಒಳ್ಳೆಯ ದಿನ. ಅಪ್ಪ ಅಮ್ಮ ಹೊಟ್ಟೆ ತುಂಬಿಕೊಂಡು ಹೋಗಿರಬೇಕು.

ಅಕ್ಟೋಬರ್ 27

ಪೆನ್ನು ಹಿಡಿದಿದ್ದು ಇವತ್ತೇ.

ತಮ್ಮ ಇಲ್ಲ. ಹದಿನೇಳನೇ ತಾರೀಕು, ಶುಕ್ರವಾರ. ಬೆಳಗಿನ ಜಾವ ಬುರುಲ್ ಕಿರುಚಿದಳು. ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದ, ಮಲಗಲು ಆಗುತ್ತಿರಲಿಲ್ಲ. ತುಟಿ ನೀಲಿ. ಬಾಯಲ್ಲಿ ಗುಲಾಬಿ ಬಣ್ಣದ ನೊರೆ. ನನ್ನನ್ನು ನೋಡಿ ಏನೋ ಹೇಳಲು ಹೋದ. ಉಸಿರು ಸಾಲಲಿಲ್ಲ.

ಆಸ್ಪತ್ರೆಯಲ್ಲಿ ಮಧ್ಯಾಹ್ನದ ತನಕ ಇದ್ದ. ಡಾಕ್ಟರ್ ಚಿಕ್ಕ ಹುಡುಗಿ, ಅವಳೇ ಅಳುತ್ತಿದ್ದಳು. ನನ್ನನ್ನು ಕಾರಿಡಾರಿಗೆ ಕರೆದು ಹೇಳಿದಳು:

"ಈ ಹೊಗೆ ಕುಡಿದಾಗ ಏನೂ ಗೊತ್ತಾಗಲ್ಲ ಅಮ್ಮ. ಊಟ ಮಾಡ್ತಾರೆ, ನಗ್ತಾರೆ. ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬ್ಕೊಳ್ತದೆ. ಬಯಲಲ್ಲಿ ಇದ್ದಿದ್ರೆ ಇಷ್ಟಾಗ್ತಿರಲಿಲ್ಲ. ಯಾಕೆ ಬಾಗ್ಲು ಹಾಕ್ಕೊಂಡಿದ್ರು?"

"ಗೊತ್ತಿಲ್ಲ" ಅಂದೆ.

ಅಕ್ಟೋಬರ್ 28

ಅಂಗಳದಲ್ಲಿ ಉಣ್ಣೆಯ ಡೇರೆ ಹಾಕಿ ಅವನನ್ನು ಮೂರು ದಿನ ಇಟ್ಟಿದ್ದೆವು. ಗಂಡಸರು ಗೇಟಿನಿಂದಲೇ ಗೋಳಾಡುತ್ತ ಬಂದರು. ಒಳಗೆ ನಾನೂ ಬುರುಲ್ಲೂ ಗೋಡೆಗೆ ಮುಖ ಮಾಡಿ ಕೂತು ಹಾಡಿಕೊಂಡು ಅತ್ತೆವು. ಹೆಂಡತಿ ಹಾಡುತ್ತಾಳೆ, ಅಕ್ಕ ಹಾಡುತ್ತಾಳೆ, ಹೀಗೇ ನಲವತ್ತನೇ ದಿನದವರೆಗೆ, ಬಂದವರು ಬಂದಾಗೆಲ್ಲ. ಬುರುಲ್ ಒಳ್ಳೆಯ ಹಾಡುಗಾತಿ. ಅವಳು ಎತ್ತಿದರೆ ಕಲ್ಲೂ ಅಳಬೇಕು.

ಮೂರನೇ ದಿನ ಬೆರ್ಮೆತ್ ತನ್ನ ತಾಯಿಯ ಜೊತೆ ಬಂದಳು. ಬುರುಲ್ ಹಾಡುತ್ತಿದ್ದಳು. ತಿರುಗಿ ನೋಡಲಿಲ್ಲ, ಆದರೆ ಗೊತ್ತಾಗಿತ್ತು ಅವಳಿಗೆ. ಹಾಡಿನಲ್ಲೇ ಬಂತು:

ಕಿವಿಗೆ ಚಿನ್ನ ಬೇಕೆಂದವಳೇ, ಏನು ನಿನ್ನ ಕಾಲ್ಗುಣವೇ,
ಹೊಸಿಲ ತುಳಿಯುವ ಮೊದಲೇ ನನ್ನ ಮನೆಯ ಕಂಬ ಮುರಿದೆಯೇ.

ಡೇರೆಯಲ್ಲಿ ಅಳು ನಿಂತೇ ಹೋಯಿತು. ಹುಡುಗಿ ಬೆಳ್ಳಗಾದಳು. ಪಾಪ, ಅವಳು ಯಾವತ್ತು ಕೇಳಿದ್ದಳು ಚಿನ್ನ? ನಾನು ಪಕ್ಕದಲ್ಲೇ ಕೂತಿದ್ದೆ. ನನ್ನ ಸರದಿ ಬಂತು. ತಮ್ಮನ ಕುದುರೆ ಸವಾರಿಯ ಬಗ್ಗೆ ಹಾಡಿದೆ.

ನವೆಂಬರ್ 3

"ಜಾಡಿ ಹಂಗೇ ಇದಾವೆ ಅತ್ತೆ. ಅಪ್ಪ ಅರ್ಧ ಮಾಡಿದ್ದು. ನಾನು ಮುಗಿಸ್ಲಾ?" ಎರ್ಮೆಕ್ ಕೇಳಿದ.

ಕೆನ್ನೆಗೆ ಹೊಡೆದೆ. ಹುಟ್ಟಿದಾಗಿನಿಂದ ಅವನ ಮೇಲೆ ಕೈ ಎತ್ತಿದವಳಲ್ಲ. ಆಮೇಲೆ ತಬ್ಬಿಕೊಂಡು ಇಬ್ಬರೂ ಅತ್ತೆವು. ಗ್ಯಾರೇಜಿನ ಬೀಗದ ಕೈ ನನ್ನ ಕೊರಳಲ್ಲಿದೆ ಈಗ.

ನವೆಂಬರ್ 6

ತುರ್ತು ಸೇವೆಯವರು ಮುಖಕ್ಕೆ ರಬ್ಬರ್ ಮಾಸ್ಕು ಹಾಕಿಕೊಂಡು ಬಂದರು. ಜಾಡಿ ಒಯ್ದರು. ಎರಡನೇ ಕಿವಿಯ ಚಿನ್ನ ಅದರಲ್ಲೇ ಕರಗಿತ್ತು. ವಾಪಸ್ಸು ಕೇಳಲಿಲ್ಲ.

ಆಮೇಲೆ ಫರಿತ್ ಲಾರಿ ತಂದ. ಕಪಾಟು, ಬೋರ್ಡು, ಟೇಪಿನ ಚಕ್ರ, ಎಲ್ಲ. ತೂಕ ಹಾಕಬೇಡ, ಸುಮ್ಮನೆ ಒಯ್ಯಿ ಅಂದೆ. ನಾನು ಕೂತು ಕೆಲಸ ಮಾಡಿದ ಮೇಜೂ ಹೋಯಿತು. ಹೇರುವಾಗ ಬೋರ್ಡುಗಳು ಕಾಲಡಿ ಲಟಲಟ ಮುರಿದವು. ಏನೂ ಅನ್ನಿಸಲಿಲ್ಲ.

ಫರಿತ್ ಚಹಾಕ್ಕೆ ಕೂತ. ಬಟ್ಟಲು ಖಾಲಿ ಮಾಡಿ ಅಂದ:

"ಅವ್ರು ಯಾವಾಗ್ಲೂ ಹೊರಗೇ ಮಾಡ್ತಿದ್ರಲ್ಲ ಅಜ್ಜಿ. ನಂಗಿಂತ ಹುಷಾರು. ಅವತ್ತೇನಾಯ್ತು?"

ಅವನ ಬಟ್ಟಲಿಗೆ ಚಹಾ ಸುರಿದೆ. ತುಂಬಿ ಚೆಲ್ಲಿತು.

ನವೆಂಬರ್ 13, ಗುರುವಾರ

ಊರೆಲ್ಲ ಅದೇ. ನೀರಿನ ನಲ್ಲಿಯ ಹತ್ತಿರವೂ ಹೇಳುತ್ತಾರೆ, ಆ ಹುಡುಗಿಯ ಕಾಲು ಸರಿಯಿಲ್ಲ, ಓಲೆ ಇಡುವ ಮೊದಲೇ ಮಾವನನ್ನು ತಿಂದಳು. ಇಂಥ ಮಾತು ಒಮ್ಮೆ ಹತ್ತಿಕೊಂಡರೆ ಹೆಣ್ಣಿಗೆ ಈ ಮನೆ ಅಲ್ಲ, ಯಾವ ಮನೆಯೂ ಇಲ್ಲ. ಎರ್ಮೆಕ್ ಊಟ ಬಿಟ್ಟಿದ್ದಾನೆ.

ಇವತ್ತು ಬುರುಲ್ ಜೊತೆ ಮಾತಾಡಲೇಬೇಕು ಅಂತ ಹೋದೆ. ಕಪ್ಪು ಸ್ಕಾರ್ಫಿನಲ್ಲಿ ಮುದುಡಿ ಕೂತಿದ್ದಳು.

"ಬುರುಲ್, ಆ ಹುಡುಗಿದೇನೂ ತಪ್ಪಿಲ್ಲ."

"ಮತ್ತ್ಯಾರ್ದು ಅತ್ತಿಗೆ? ಹೇಳಿ, ಯಾರ್ದು? ನಲವತ್ತು ವರ್ಷ ಹುಷಾರಾಗಿದ್ದ ಮನುಷ್ಯ. ಅವ್ಳಿಗೆ ಓಲೆ ಅಂತ ಶುರು ಮಾಡಿದ್ದೇ ಹೋದ್ರು. ಯಾರನ್ನ ಬೈಲಿ ನಾನು? ಯಾರಾದ್ರೂ ಬೇಕಲ್ಲ ನಂಗೆ ಬೈಯಕ್ಕೆ?"

ಬಾಯಿ ತೆರೆದೆ. ಅವಳು ನನ್ನ ಕೈ ಹಿಡಿದುಕೊಂಡಳು. "ನೀವೊಬ್ರೇ ನಂಗೆ ಉಳಿದಿರೋದು" ಅಂದಳು.

ಬಂದುಬಿಟ್ಟೆ. ಇವತ್ತು ಎಣ್ಣೆ ಇಡಲಿಲ್ಲ. ಕೈ ಬರಲಿಲ್ಲ.

ನವೆಂಬರ್ 21

ಬೆರ್ಮೆತ್ ತಾಯಿ ಹೇಳಿ ಕಳಿಸಿದ್ದಾಳೆ. ನಲವತ್ತನೇ ದಿನಕ್ಕೆ ಬರುತ್ತಾರೆ, ಮರ್ಯಾದೆಗೆ. ಊಟ ಮಾಡಿ, ಹಿರಿಯರ ಮುಂದೆ ಮಾತು ವಾಪಸ್ಸು ಕೊಟ್ಟು ಹೋಗುತ್ತಾರೆ.

"ಒಳ್ಳೇದೇ ಆಯ್ತು" ಅಂದಳು ಬುರುಲ್.

ಎರ್ಮೆಕ್ ಎದ್ದು ಹೊರಗೆ ಹೋದ. ಅವನ ಬೆನ್ನು ಥೇಟ್ ಅವನಪ್ಪನದು.

ನವೆಂಬರ್ 23

ಮಾತಿನಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ಹೇಳಿದರೂ ಬುರುಲ್ ನಂಬುವುದಿಲ್ಲ. ಹುಡುಗಿಯನ್ನು ಉಳಿಸಲು ಮುದುಕಿ ಸುಳ್ಳು ಹೆಣೆಯುತ್ತಾಳೆ ಅಂತಾಳೆ. ಹಾಡಿನಲ್ಲಾದರೆ ಬೇರೆ. ಸತ್ತವನ ಮುಂದೆ ಹಾಡುವುದು ಅದು, ಅದರಲ್ಲಿ ಸುಳ್ಳು ಹೇಳುವ ಹೆಂಗಸು ಹುಟ್ಟಿಲ್ಲ. ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಒಮ್ಮೆ ಹಾಡಿದ್ದನ್ನು ಹೆಂಗಸರು ಮನೆ ಮನೆಗೆ ಒಯ್ಯುತ್ತಾರೆ, ಬುರುಲ್ ಹಾಡಿದ್ದನ್ನು ಒಯ್ದ ಹಾಗೇ. ಅದನ್ನು ಅಳಿಸಲು ಇನ್ನೊಂದು ಹಾಡೇ ಬೇಕು.

ನಾಡಿದ್ದು ಕೊನೆಯ ಹಾಡು. ಆಮೇಲೆ ಡೇರೆ ಬಿಚ್ಚುತ್ತಾರೆ.

ನವೆಂಬರ್ 25, ಮಂಗಳವಾರ, ಬೆಳಿಗ್ಗೆ

ಮಾಂಸ ಬೇಯುತ್ತಿದೆ. ಹೆಂಗಸರು ಡೇರೆಯಲ್ಲಿ ಕೂತಾಯಿತು. ಕಿಟಕಿಯಿಂದ ಕಾಣುತ್ತದೆ: ಬೆರ್ಮೆತ್ ಗೇಟಿನ ಹತ್ತಿರ ತಾಯಿಯ ಹಿಂದೆ ನಿಂತಿದ್ದಾಳೆ. ಒಳಗೆ ಬರಲೋ ಬೇಡವೋ ಅಂತ ತನ್ನ ಕಾಲನ್ನೇ ನೋಡಿಕೊಳ್ಳುತ್ತಿದ್ದಾಳೆ. ಎರ್ಮೆಕ್ ಅವಳ ಕಡೆ ನೋಡುತ್ತಿಲ್ಲ. ಸೌದೆ ಒಡೆಯುತ್ತಿದ್ದಾನೆ, ಬೇಕಾದ್ದಕ್ಕಿಂತ ಜೋರಾಗಿ.

ಸಾಲು ಕಟ್ಟಿಕೊಂಡಿದ್ದೇನೆ. ಮರೆಯದಿರಲಿ ಅಂತ ಬರೆದಿಡುತ್ತೇನೆ.

ಬಯಲ ಗಾಳಿಯಲಿ ನಿಂತಿದ್ದ ನನ್ನ ತಮ್ಮನ
ಬಾಗಿಲ ಹಿಂದಕೆ ಅಟ್ಟಿದ ಬಾಯಿ ಇದು ನೋಡಿರೇ.
ಹುಡುಗಿಯ ಕಾಲನು ಬಿಡಿರೇ, ಅಕ್ಕನ ನಾಲಿಗೆ

ಮೂರನೆಯದು ಇನ್ನೂ ಕೂರುತ್ತಿಲ್ಲ. ಬುರುಲ್ ಕರೆಯುತ್ತಿದ್ದಾಳೆ — "ಅತ್ತಿಗೆ, ಬನ್ನಿ, ನಿಮ್ಮ ಜಾಗ ಇಲ್ಲೇ ಇಟ್ಟಿದೀನಿ." ತನ್ನ ಪಕ್ಕದಲ್ಲಿ. ದಿನಾ ಕೈ ಹಿಡಿದುಕೊಂಡೇ ಹಾಡುತ್ತಾಳೆ. ಇವತ್ತು ನನ್ನ ಕೈ ಮೊದಲ ಸಾಲಿಗೆ ಬಿಡುತ್ತಾಳೋ ಎರಡನೆಯದಕ್ಕೋ… ಕೈ ಬಿಟ್ಟರೂ ನಾನು ನಿಲ್ಲಿಸದೆ ಹಾಡಿ ಮುಗಿಸಬೇಕು.