ಜೀಪಿಗೆ ಹೊಸ ಫ್ಯಾನು

೧೪ ಮೇ, ಮಂಗಳವಾರ. ಕಲಘಟಗಿ.

ಇವತ್ತು ಜೀಪಿನ ಹಳೆಯ ಫ್ಯಾನು ಬಿಚ್ಚಿ ಕರೆಂಟಿನದು ಕೂಡಿಸಿದೆ. ಕಾಡಿನ ಏರಿನಲ್ಲಿ ಎಂಜಿನ್ ಕುದಿಯುವುದು ಇನ್ನಾದರೂ ನಿಲ್ಲಬೇಕು. ಬೋಲ್ಟು, ವೈರು ಎಲ್ಲ ಒಬ್ಬನೇ ಮುಗಿಸಿದೆ. ಆದರೆ ಗಾಳಿ ಸರಿಯಾಗಿ ಎಳೆಯುತ್ತದೆಯೇ ಎಂದು ನೋಡಲು ಇಬ್ಬರು ಬೇಕು. ನಾನು ರೇಡಿಯೇಟರ್ ಮುಂದೆ ಕಾಗದ ಹಿಡಿದರೆ ಒಳಗೆ ಕೂತು ಸ್ವಿಚ್ ಹಾಕುತ್ತಿದ್ದವಳು ನನ್ನ ಹೆಂಡತಿ ರೋಹಿಣಿ. ಅವಳು ತೀರಿಕೊಂಡ ಮೇಲೆ ಜೀಪಿಗೆ ಕೈ ಹಚ್ಚಿದ್ದು ಇವತ್ತೇ.

ಕೊನೆಗೆ ಬಾಜೂ ಮನೆಯ ಶಮೀಮಾಬಿಯನ್ನು ಕರೆದೆ. ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ಕೂತರು.

"ಹಾಕ್ಲೇನ್ರಿ?"

"ಹಾಕ್ರಿ."

ಕಾಗದ ಗಪ್ಪನೆ ರೇಡಿಯೇಟರಿಗೆ ಅಂಟಿತು. ಎಲ್ಲ ಸರಿಯಾಗಿತ್ತು.

"ಗಾಳಿ ಬಂತೇನ್ರಿ?"

"ಇಲ್ರಿ, ಇನ್ನೊಮ್ಮೆ ಹಾಕ್ರಿ," ಎಂದುಬಿಟ್ಟೆ. ಜೀಪಿನೊಳಗಿಂದ ಒಬ್ಬರು ಕೇಳುವ ದನಿ ನನಗೆ ಇನ್ನೊಮ್ಮೆ ಬೇಕಾಗಿತ್ತು, ಅಷ್ಟೇ.

ಮತ್ತೆ ಹಾಕಿದರು, ಮತ್ತೆ ಇಲ್ಲವೆಂದೆ. ಆಗ ಇಳಿದು ಬಂದು ಅಂಟಿಕೊಂಡೇ ಇದ್ದ ಕಾಗದ ನೋಡಿದರು, ನನ್ನ ಮುಖವನ್ನೂ ನೋಡಿದರು.

"ರೊಟ್ಟಿ ಬಡ್ಯಾಕತ್ತೇನ್ರಿ. ಇವತ್ತ ನಮ್ಮಲ್ಲೇ ಉಣ್ಣಾಕ ಬರ್ರಿ," ಎಂದರು.

ಹೋಗಿ ಉಂಡೆ. ಒಂದು ದನಿಗಾಗಿ ಸುಳ್ಳು ಹೇಳಿದ ನಾನು ಅವರ ಮನೆ ಮಂದಿಯ ಇಷ್ಟೊಂದು ದನಿಗಳ ನಡುವೆ ಕೂತು ಮೂರು ರೊಟ್ಟಿ ಮುಗಿಸಿದೆ. ಸಾಕು, ಕಣ್ಣು ನಿದ್ದೆಗೆ ಎಳೆಯುತ್ತಿವೆ.