ನಾಲ್ಕು ಗಂಟೆಯ ನೀರು

ಸಮುದ್ರದ ಎದುರಿನ ಲಾಡ್ಜು, ಮೊದಲ ಮಹಡಿ
ಮಾರ್ಚ್ ೧೨, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಇಷ್ಟು ಕೇಳಿ ನಿಲ್ಲಿಸುತ್ತಿದ್ದೇನೆ. ಬಿ.ಪಿ. ಎಷ್ಟಿದೆ, ಹೊಲಿಗೆ ಹಾಕಿದ ಜಾಗ ಎಳೆಯುತ್ತದೆಯೇ, ಕೆಲಸದಲ್ಲಿ ಭಾರ ಎತ್ತುತ್ತಿಲ್ಲ ತಾನೇ ಎಂದು ಮುಂದಕ್ಕೆ ಕೇಳಲು ಕೈ ತುರಿಸುತ್ತಿದೆ, ಆದರೂ ಕೇಳುವುದಿಲ್ಲ. ನಿನ್ನ ಹೆಂಡತಿಯ ಬೆನ್ನುನೋವು ಕಡಿಮೆಯಾಯಿತೇ? ಪುಟ್ಟಿಯ ಮುಂದಿನ ಎರಡು ಹಲ್ಲು ಹುಟ್ಟಿದವೇ, ಅಥವಾ ಇನ್ನೂ ಕಿಟಕಿ ತೆರೆದಿಟ್ಟುಕೊಂಡೇ ನಗುತ್ತಿದ್ದಾಳೆಯೇ? ನೀನು ರಿಪೇರಿ ಮಾಡುವ ಲಿಫ್ಟುಗಳೆಲ್ಲ ಸರಿಯಾದ ಮಹಡಿಯಲ್ಲೇ ನಿಲ್ಲುತ್ತಿವೆ ಎಂದುಕೊಳ್ಳುತ್ತೇನೆ. ನಾನು ಚೆನ್ನಾಗಿದ್ದೇನೆ. ಬಾಯಿಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಚೆನ್ನಾಗಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ಈ ನಾಲ್ಕು ತಿಂಗಳಿಂದ ಫೋನಿನಲ್ಲಿ ನೀನು ಬರೀ ಹೂಂ ಎನ್ನುತ್ತೀಯ, ನಾನು ಅಳುತ್ತೇನೆ. ಕಾಗದದಲ್ಲಿ ಇಬ್ಬರಿಗೂ ಆ ಸೌಕರ್ಯವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ನನಗೆ ಕಿಡ್ನಿ ಕೊಟ್ಟು ಎರಡು ವರ್ಷವಾಯಿತು. ಅದಕ್ಕೆ ಮುಂಚೆ ಮೂರು ವರ್ಷ, ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ ನಾನು ಡಯಾಲಿಸಿಸ್ ಕುರ್ಚಿಯಲ್ಲಿ ಕೂತು ಆಸ್ಪತ್ರೆಯ ಫ್ಯಾನು ನೋಡಿದ್ದೇನೆ. ಇದನ್ನೆಲ್ಲ ನಿನಗೆ ಹೇಳಬೇಕಾಗಿಲ್ಲ, ನೀನು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದೆ. ಆದರೆ ಆಮೇಲೆ ನಾನು ಮಾಡಿದ್ದೇನು ಎಂಬುದನ್ನು ನೀನು ಹೇಳಿದಾಗ ನಾನು ಒಪ್ಪಲಿಲ್ಲ, ಈಗ ಒಪ್ಪುತ್ತೇನೆ. ಪ್ರತಿ ಭಾನುವಾರ ನೀನು ಊಟಕ್ಕೆ ಬರುವುದು, ನಾನು ತಟ್ಟೆ ಹಾಕುವ ಮೊದಲು ನೋಟುಬುಕ್ಕು ತಂದು ನಿನ್ನ ಮುಂದೆ ಹಿಡಿಯುವುದು. ಎಷ್ಟು ನೀರು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು, ಎಲ್ಲಾ ಮಿಲಿಲೀಟರಿನಲ್ಲಿ. ಫೋಟೋಗಳಿಗೆ ಫ್ರೇಮು ಹಾಕುವವಳು ನಾನು, ಅಳೆಯುವುದು ಕೈಗೆ ಬಂದ ಚಟ. ನೀನು ಮೊದಮೊದಲು ನೋಡಿದ ಹಾಗೆ ಮಾಡುತ್ತಿದ್ದೆ. ಕೊನೆಗೆ ಆ ದಿನ ಚಪ್ಪಲಿ ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತು ಹೇಳಿದೆ: "ಅಕ್ಕಾ, ನಾನು ನಿನ್ನ ತಮ್ಮ. ನೀರು ಸರಬರಾಜು ಇಲಾಖೆಯವನಲ್ಲ. ಬದುಕಲಿ ಅಂತ ಕೊಟ್ಟಿದ್ದು ಕಣೇ, ಕಾವಲು ಕೂರಲಿ ಅಂತಲ್ಲ." ಹಾಗೆಂದು ಹೊರಟುಹೋದವನು ಮತ್ತೆ ಬರಲಿಲ್ಲ. ನನಗೆ ಸಿಟ್ಟು ಬಂದಿತ್ತು. ಜೋಪಾನ ಮಾಡಿದ್ದಕ್ಕೂ ಬೈಸಿಕೊಳ್ಳಬೇಕೇ ಎಂದು ಎರಡು ದಿನ ಅಂಗಡಿ ತೆರೆಯದೆ ಮುಖ ಊದಿಸಿಕೊಂಡು ಕೂತಿದ್ದೆ.

ಮೂರನೆಯ ದಿನ ಬಂದು ಶಟರು ಎತ್ತಿಸಿದವಳು ನನ್ನ ಗೆಳತಿ. ನಿನಗೆ ಗೊತ್ತಲ್ಲ, ಡ್ರೈವಿಂಗ್ ಸ್ಕೂಲಿನವಳು, ಕಲಿಯಲು ಬಂದವರೆಲ್ಲ ಬೆನ್ನಹಿಂದೆ ಕ್ಲಚ್ಚಮ್ಮ ಎನ್ನುತ್ತಾರೆ, ಈಗ ನಾವೂ ಹಾಗೇ ಕರೆಯುತ್ತೇವೆ. ಅವಳಿಗೂ ಒಂದು ದುಃಖವಿದೆಯಂತೆ. ಇಪ್ಪತ್ತೆಂಟು ವರ್ಷ ಡ್ರೈವಿಂಗ್ ಕಲಿಸಿದ್ದಾಳೆ, ಎಲ್ಲಾ ಅದೇ ಆಟದ ಮೈದಾನದ ಸುತ್ತ, ಅದೇ ನಾಲ್ಕು ತಿರುವು, ಎರಡನೆಯ ಗೇರಿನಲ್ಲಿ. "ಲೇ, ನಾನು ಟಾಪ್ ಗೇರ್ ಹಾಕಿ ಒಂದು ಗಂಟೆ ನೆಟ್ಟಗೆ ಹೋದವಳಲ್ಲ ಕಣೇ, ಸಾಯೋದ್ರೊಳಗೆ ಹೋಗ್ಬೇಕು" ಎಂದಳು. ಮರಳುಗಾಡು ದಾಟಿ ಸಮುದ್ರದವರೆಗೆ, ಸಮುದ್ರದ ಪಕ್ಕದಲ್ಲೇ ಇನ್ನೆರಡು ದಿನ. ನಾನು ಆಗುವುದಿಲ್ಲ ಎಂದು ಮೂರು ತಿಂಗಳು ತಳ್ಳಿದೆ. ಕೊನೆಗೆ ಡಾಕ್ಟರು ಬೇಡ ಎಂದೇ ಎನ್ನುತ್ತಾರೆ ಎಂಬ ಧೈರ್ಯದ ಮೇಲೆ ಅವರನ್ನು ಕೇಳಿದೆ. ಆ ಮಹಾರಾಯರು ರಿಪೋರ್ಟು ನೋಡಿ, "ಧಾರಾಳವಾಗಿ ಹೋಗಿ, ಮಾತ್ರೆ ತಪ್ಪಿಸಬೇಡಿ, ಕುದಿಸಿದ ನೀರು, ತಲೆಗೆ ಟೋಪಿ. ಅದೇನು ಗಾಜಿನದಲ್ಲಮ್ಮ" ಎಂದುಬಿಟ್ಟರು. ದಿನವಿಡೀ ಗಾಜು ಕೊಯ್ಯುವವಳಿಗೆ ಹೇಳುವ ಮಾತೇ ಅದು?

ಹೊರಟದ್ದು ಸ್ಕೂಲಿನ ಕಾರಿನಲ್ಲೇ. ತಲೆಯ ಮೇಲೆ ಬೋರ್ಡು, ಎದುರಿಗೂ ಬೆನ್ನಿಗೂ "ಕಲಿಯುವವರಿದ್ದಾರೆ, ದೂರವಿರಿ" ಎಂಬ ಬರಹ. ಮರಳುಗಾಡಿನಲ್ಲಿ ಹಿಂದೆ ಮುಂದೆ ನಲವತ್ತು ಕಿಲೋಮೀಟರ್ ಒಂದು ನರಪಿಳ್ಳೆ ಇಲ್ಲ, ನಾವು ಮಾತ್ರ ದೂರವಿರಿ ಎಂದು ಹೇಳಿಕೊಂಡೇ ಹೋಗುತ್ತಿದ್ದೆವು. ಕ್ಲಚ್ಚಮ್ಮ ಇಷ್ಟು ವರ್ಷ ಕೂತದ್ದೆಲ್ಲ ಕಲಿಸುವವರ ಸೀಟಿನಲ್ಲಿ. ಸ್ಟೀರಿಂಗಿನ ಹಿಂದೆ ಕೂತ ಕೂಡಲೇ ಅವಳಿಗೆ ಮೊದಲ ದಿನದ ವಿದ್ಯಾರ್ಥಿಯ ಹಾಗೆ ಕೈ ಬೆವರತೊಡಗಿತು. ತನಗೆ ತಾನೇ ಬಹುವಚನದಲ್ಲಿ ಪಾಠ ಹೇಳಿಕೊಂಡಳು: "ಕನ್ನಡಿ ನೋಡಿ... ಇಂಡಿಕೇಟರ್ ಹಾಕಿ... ಗಾಬರಿ ಬೇಡ, ನಿಧಾನಕ್ಕೆ ಕ್ಲಚ್ ಬಿಡಿ." ಕಲಿಸುವವರ ಸೀಟಿನಲ್ಲಿ ನಾನು. ಅಲ್ಲಿ ಕಾಲಬುಡದಲ್ಲಿ ಇನ್ನೊಂದು ಬ್ರೇಕು ಇರುತ್ತದೆ ನೋಡು, ತಿರುವು ಕಂಡಾಗಲೆಲ್ಲ ನನ್ನ ಕಾಲು ತಾನಾಗಿ ಅದನ್ನು ಒತ್ತುತ್ತಿತ್ತು. ಮೊದಲ ದಿನ ಹನ್ನೊಂದು ಸಲ ನಿಲ್ಲಿಸಿದೆನಂತೆ. ಹನ್ನೆರಡನೆಯ ಸಲಕ್ಕೆ ಅವಳು ನನ್ನ ಕಾಲನ್ನು ಎತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಸಿದಳು. ರಾತ್ರಿ ತಂಗುವ ಊರು ಸೇರುವವರೆಗೂ ಹಾಗೇ ಕೂತಿದ್ದೆ.

ಮರಳುಗಾಡು ಎಂದರೆ ಬರೀ ಹಳದಿ ಎಂದುಕೊಂಡಿದ್ದೆ. ಮೂವತ್ತು ವರ್ಷದಿಂದ ಗಿರಾಕಿಗಳು ತಂದುಕೊಟ್ಟ ಮರಳುಗಾಡಿನ ಫೋಟೋಗಳಿಗೆ ಫ್ರೇಮು ಹಾಕಿದ್ದೇನೆ, ಆಕಾಶ ಜಾಸ್ತಿಯಾಯಿತೆಂದು ಮೇಲಿನ ಒಂದು ಇಂಚನ್ನು ರಟ್ಟಿನೊಳಗೆ ಮುಚ್ಚಿಯೂ ಇದ್ದೇನೆ. ಅವರಿಗೆಲ್ಲ ಈಗ ಕ್ಷಮೆ ಕೇಳಬೇಕು. ಬೆಳಿಗ್ಗೆ ಬೂದು, ಹತ್ತು ಗಂಟೆಗೆ ಇಟ್ಟಿಗೆ ಬಣ್ಣ, ನಡುವೆ ಎಲ್ಲೋ ಬೆಳ್ಳಗೆ ಉಪ್ಪು ಕಟ್ಟಿದ ನೆಲ, ರಸ್ತೆಯ ಮೇಲೆ ಸಣ್ಣಗೆ ಹರಿದಾಡುವ ಮರಳು. ಎಷ್ಟು ತಿರುಗಿ ನೋಡಿದರೂ ಅಂಚೇ ಸಿಗುವುದಿಲ್ಲ. ನಾನು ಬಾಯಿಬಿಟ್ಟುಕೊಂಡು ನೋಡಿದೆ. ಕ್ಲಚ್ಚಮ್ಮ ಟಾಪ್ ಗೇರು ಹಾಕಿ ಒಂದು ಗಂಟೆ ಹತ್ತು ನಿಮಿಷ ನೆಟ್ಟಗೆ ಹೋದಳು, ಆಮೇಲೆ ಕಾರು ನಿಲ್ಲಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಎರಡನೆಯ ದಿನ ನಡೆದದ್ದನ್ನು ಕೇಳು. ನಾನು ನೀರನ್ನು ಕುದಿಸಿ ಆರಿಸಿ ಹತ್ತು ಅರ್ಧ ಲೀಟರಿನ ಬಾಟಲಿಗಳಲ್ಲಿ ತುಂಬಿ, ಒಂದೊಂದಕ್ಕೂ ಕುಡಿಯಬೇಕಾದ ಗಂಟೆಯ ಚೀಟಿ ಅಂಟಿಸಿದ್ದೆ. ಏಳು ಗಂಟೆ, ಎಂಟೂವರೆ, ಹತ್ತು, ಹೀಗೆ. ಹತ್ತೂವರೆಗೆ ಕಾರಿನ ಮೂತಿಯಿಂದ ಹೊಗೆ ಎದ್ದಿತು. ಇಪ್ಪತ್ತೆಂಟು ವರ್ಷ ಎರಡನೆಯ ಗೇರಿನಲ್ಲಿದ್ದ ಕಾರು, ಅದಕ್ಕೂ ಅಭ್ಯಾಸವಿಲ್ಲ ಪಾಪ. ಅದು ತಣ್ಣಗಾಗಲಿ ಎಂದು ನಾನು ಅಳತೆಯ ಮಗ್ಗು ಹಿಡಿದು ದೂರದ ಮುಳ್ಳುಪೊದೆಯ ಮರೆಗೆ ಹೋದೆ. ನಗಬೇಡ, ಮಗ್ಗನ್ನೂ ತಂದಿದ್ದೆ. ಚಪ್ಪಲಿಗೆ ಹೊಕ್ಕ ಮುಳ್ಳು ಕೀಳುವುದರಲ್ಲಿ ಸಾಕಷ್ಟು ಹೊತ್ತಾಯಿತು. ಬಂದು ನೋಡಿದರೆ ಖಾಲಿ ಬಾಟಲಿಗಳು ಸಾಲಾಗಿ ಬಿದ್ದಿವೆ. ಹತ್ತು ಗಂಟೆಯದು ನಾನು ಕುಡಿಯಲು ಮರೆತಿದ್ದೆನಂತೆ, ಹೊತ್ತು ಮೀರಿದ್ದು ಬೇಕಾಗಿಲ್ಲ ಎಂದುಕೊಂಡು ಕ್ಲಚ್ಚಮ್ಮ ಅದನ್ನು ರೇಡಿಯೇಟರಿಗೆ ಸುರಿದಳಂತೆ. ಸಾಲಲಿಲ್ಲ, ಕೆಳಗೆ ಪೈಪು ಸೋರುತ್ತಿದ್ದದ್ದು ಅವಳಿಗೆ ಕಾಣಲಿಲ್ಲ. ಹನ್ನೊಂದೂವರೆಯದು, ಒಂದರದು, ಎರಡೂವರೆಯದು, ಒಂದರ ಹಿಂದೊಂದು ಸುರಿದು ರಾತ್ರಿಯ ಎಂಟೂವರೆಯವರೆಗೂ ಮುಗಿಸಿದ್ದಳು.

"ನನ್ನ ನಾಲ್ಕು ಗಂಟೆಯನ್ನ ಕಾರಿಗೆ ಕುಡಿಸಿದ್ಯಾ?" ಎಂದು ಕಿರುಚಿದೆ. ಮುಂದೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವಳೂ ಬಿಡಲಿಲ್ಲ, "ನೀರಿಗೂ ಟೈಮ್‌ಟೇಬಲ್ ಹಾಕೋಳು ಲೋಕದಲ್ಲಿ ನೀನೊಬ್ಬಳೇ ಕಣೇ!" ಎಂದಳು. ಆ ಬಯಲಿನಲ್ಲಿ ಕೇಳುವವರಿಲ್ಲದೆ ಇಬ್ಬರು ಹೆಂಗಸರು ಅರ್ಧ ಗಂಟೆ ಜಗಳವಾಡಿದೆವು. ಆದರೆ ತಮ್ಮಾ, ಒಳಗೊಳಗೇ ನನಗೆ ಭಯವಾಗಿತ್ತು. ಬಾಯಿ ಒಣಗುತ್ತಿತ್ತು. ನಿನಗೆ ಏನು ಹೇಳಲಿ, ನೀನು ಕೊಟ್ಟದ್ದನ್ನು ಹಾಳುಮಾಡಿಕೊಂಡೆನಲ್ಲ ಎಂಬುದೊಂದೇ ಯೋಚನೆ. ನಾನು ಸತ್ತೇನು ಎಂಬ ಯೋಚನೆ ಬರಲಿಲ್ಲ ನೋಡು, ನಿನಗೆ ಉತ್ತರ ಹೇಳಬೇಕಲ್ಲ ಎಂಬುದೇ ಬಂತು. ನೀನು ಯಾಕೆ ಸಿಟ್ಟಾದೆ ಎಂದು ನನಗೆ ಅರ್ಥವಾದದ್ದು ಅಲ್ಲಿ, ಕಾರಿನ ನೆರಳಿನಲ್ಲಿ ಕೂತಿದ್ದಾಗ.

ಒಂದು ಗಂಟೆಯ ಮೇಲೆ ಸಮುದ್ರದ ಕಡೆಯಿಂದ ಉಪ್ಪು ತುಂಬಿದ ಲಾರಿಯೊಂದು ಬಂತು. ಅದರ ಡ್ರೈವರು ನಮ್ಮ ಕಾರಿನ ಬರಹ ಓದಿ ಮೊದಲು ಐವತ್ತು ಅಡಿ ದೂರದಲ್ಲೇ ನಿಲ್ಲಿಸಿದ. ಆಮೇಲೆ ಇಳಿದು ಬಂದು ಪೈಪಿಗೆ ಸೈಕಲ್ ಟ್ಯೂಬಿನ ತುಂಡು ಬಿಗಿದ. ಕುಡಿಯಲು ಕ್ಯಾನು ಕೊಟ್ಟಾಗ ನಾನು ಹಿಂದೆಮುಂದೆ ನೋಡಿದೆ, ಕುದಿಸಿದ ನೀರೇ ಆಗಬೇಕು, ತಮ್ಮ ಕೊಟ್ಟ ಕಿಡ್ನಿ ಎಂದೆ. ಆತ ಲಾರಿಯ ಪಕ್ಕದಲ್ಲೇ ಸ್ಟವ್ ಹಚ್ಚಿ ನೀರು ಮರಳಿಸಿದ. ಎರಡು ಪಾತ್ರೆ ಇಟ್ಟುಕೊಂಡು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಹೊಯ್ದು ಆರಿಸಿದ. ಮೂರು ಸಲ ಹಾಗೆ ಮಾಡಿಕೊಟ್ಟ. ಆರಿಸುತ್ತ ಆರಿಸುತ್ತ, "ತಮ್ಮ ಕೊಟ್ಟಿದ್ದಾ? ಅಯ್ಯೋ ಪಾಪ, ಹಾಗಾದ್ರೆ ಇನ್ನು ಅವ್ರ ಜತೆ ಜಗಳ ಆಡೋ ಹಾಗೇ ಇಲ್ಲ ಅನ್ನಿ. ನಮ್ಮಕ್ಕ ಆಗಿದ್ರೆ ಹೊಟ್ಟೆ ಉಬ್ಬಿ ಸಾಯೋಳು" ಎಂದು ನಕ್ಕ. ಕ್ಲಚ್ಚಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ, ಆದರೆ ಆ ಮಧ್ಯಾಹ್ನವೆಲ್ಲ ಅವನ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ಆ ಪುಣ್ಯಾತ್ಮನ ಹೆಸರು ಕೇಳಲೂ ಮರೆತೆ. ಅಳತೆಯ ಮಗ್ಗನ್ನು ಅವನಿಗೇ ಕೊಟ್ಟುಬಿಟ್ಟೆ. ಚಹಾಕ್ಕೆ ಸಕ್ಕರೆ ಅಳೆಯಲು ಆಗುತ್ತದೆ ಎಂದ, ನಾನು ತೊಳೆದುಕೊಳ್ಳಿ ಎಂದಷ್ಟೇ ಹೇಳಿದೆ.

ನಿನ್ನೆ ಸಮುದ್ರ ಸಿಕ್ಕಿತು. ಒಣಗಿದ ಗುಡ್ಡಗಳ ನಡುವೆ ರಸ್ತೆ ಇಳಿಯುತ್ತಾ ಇಳಿಯುತ್ತಾ ಒಂದು ತಿರುವಿನಲ್ಲಿ ತಟಕ್ಕನೆ ಎದುರಿಗೇ ಇತ್ತು. ಈ ಸಲ ನನ್ನ ಕಾಲು ಬ್ರೇಕು ಒತ್ತಲಿಲ್ಲ, ಕ್ಲಚ್ಚಮ್ಮನೇ ಗಾಬರಿಯಾಗಿ ಒತ್ತಿದಳು. ಆಮೇಲೆ ಸಂಜೆಯವರೆಗೂ ನೀರಿನ ಪಕ್ಕದಲ್ಲೇ ಹೋದೆವು. ಒಂದು ಕಡೆ ಬಲೆ ಒಣಹಾಕಿದ್ದರು, ಒಂದು ಕಡೆ ದೋಣಿಗೆ ಹಸಿರು ಬಣ್ಣ ಬಳಿಯುತ್ತಿದ್ದರು, ಇನ್ನೊಂದು ಕಡೆ ಏನೂ ಇರಲಿಲ್ಲ, ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಟೋಪಿ ಹಾಕಿಕೊಂಡು, ಸೀರೆ ಎತ್ತಿ ಕಟ್ಟಿ ಮಂಡಿಯವರೆಗೆ ನೀರಿಗಿಳಿದೆ. ನೀನು ಕೊಟ್ಟದ್ದು ನನ್ನ ಹೊಟ್ಟೆಯ ಬಲಭಾಗದಲ್ಲಿ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿತ್ತು. ಎರಡು ವರ್ಷದಲ್ಲಿ ಮೊದಲ ಸಲ ನಾನು ಅದನ್ನು ಮರೆತಿದ್ದೆ. ಎಂಟು ಗಂಟೆಗೆ ಮಾತ್ರೆಯ ಅಲಾರಾಂ ಹೊಡೆದಾಗ ನೆನಪಾಯಿತು, ಮಾತ್ರೆ ನುಂಗಿದೆ, ಅಷ್ಟೇ. ನೋಟುಬುಕ್ಕು ಬ್ಯಾಗಿನಿಂದ ಹೊರಗೇ ಬರಲಿಲ್ಲ. ಇವತ್ತು ಬೆಳಿಗ್ಗೆ ಕಾಗದ ಬೇಕಾಯಿತೆಂದು ತೆಗೆದೆ. ಈಗ ನೀನು ಹಿಡಿದಿರುವ ಹಾಳೆಗಳು ಅದರದ್ದೇ, ಮಧ್ಯದಲ್ಲಿ ಗೆರೆ ಎಳೆದದ್ದು ಕಾಣುತ್ತದೆ, ಅದರ ಮೇಲೆಯೇ ಬರೆದಿದ್ದೇನೆ.

ತಮ್ಮಾ, ನಾನು ತುಂಬಾ ಸಂತೋಷವಾಗಿದ್ದೇನೆ. ಥ್ಯಾಂಕ್ಸ್ ಎಂದು ನಿನಗೆ ಸಾವಿರ ಸಲ ಹೇಳಿದ್ದೇನೆ, ನೀನು ಪ್ರತಿ ಸಲವೂ ಮುಖ ಸಿಂಡರಿಸಿದ್ದೀಯ. ಅದೆಲ್ಲ ಆಸ್ಪತ್ರೆಯ ಥ್ಯಾಂಕ್ಸು. ಇದು ಬೇರೆ. ಈ ರಸ್ತೆ, ಈ ಬಿಸಿಲು, ಕ್ಲಚ್ಚಮ್ಮನ ಪಾಠ, ಆ ಲಾರಿಯವನ ಬೆಚ್ಚಗಿನ ನೀರು, ಕಾಲಡಿಯಲ್ಲಿ ಮರಳು ಜಾರಿದ್ದು, ಎಲ್ಲಾ ನೀನು ಕೊಟ್ಟದ್ದು. ನಾನು ಚೆನ್ನಾಗಿ ಖರ್ಚು ಮಾಡುತ್ತಿದ್ದೇನೆ, ಒಂದಿಷ್ಟನ್ನೂ ಉಳಿಸುತ್ತಿಲ್ಲ.

ನಾಳೆ ಹೊರಟು ಶನಿವಾರದ ಹೊತ್ತಿಗೆ ಮನೆ ಸೇರುತ್ತೇವೆ. ಕೆಳಗೆ ಕ್ಲಚ್ಚಮ್ಮ ಹಾರ್ನು ಹೊಡೆಯುತ್ತಿದ್ದಾಳೆ, ಅಂಚೆಪೆಟ್ಟಿಗೆ ತೆಗೆಯುವ ಹೊತ್ತಾಯಿತಂತೆ. ನಿನಗೂ ನಿನ್ನ ಹೆಂಡತಿಗೂ ನನ್ನ ಮನಸಾರೆ ಆಶೀರ್ವಾದ. ನೂರು ಕಾಲ ತಣ್ಣಗಿರಿ. ಪುಟ್ಟಿಯ ಎರಡೂ ಕೆನ್ನೆಗೆ ಅತ್ತೆಯ ಮುತ್ತು.

ನಿನ್ನ,
ಅಕ್ಕ

ತಾ.ಕ. ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ. ಆಪರೇಷನ್ನಿಗೆ ಹದಿನೈದು ದಿನ ಮುಂಚೆ ನೀನು, ಪುಟ್ಟಿಗೆ ಪುಸ್ತಕದ ಶೆಲ್ಫು ಹೊಡೆಯಬೇಕು, ನಾಳೆಯೇ ತಂದುಕೊಡುತ್ತೇನೆ ಎಂದು ನನ್ನ ಅಂಗಡಿಯ ಡ್ರಿಲ್ಲಿಂಗ್ ಮಷೀನು ಒಯ್ದಿದ್ದೆ. ಆ ನಾಳೆ ಇನ್ನೂ ಬಂದಿಲ್ಲ. ಗಿರಾಕಿಗಳ ಗೋಡೆಗೆ ಫ್ರೇಮು ತೂಗುಹಾಕಬೇಕಾದಾಗಲೆಲ್ಲ ಪಕ್ಕದಂಗಡಿಯ ಬಡಗಿಯ ಮುಂದೆ ಹಲ್ಲು ಗಿಂಜುತ್ತಿದ್ದೇನೆ. ಕಿಡ್ನಿ ಕೊಟ್ಟವನ ಹತ್ತಿರ ಡ್ರಿಲ್ಲು ಹೇಗೆ ವಾಪಸ್ಸು ಕೇಳುವುದು ಎಂದು ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಈಗ ಕೇಳುತ್ತಿದ್ದೇನೆ. ಭಾನುವಾರ ಊಟದ ಹೊತ್ತಿಗೆ ಸರಿಯಾಗಿ ನೀನೇ ತಂದುಕೊಡಬೇಕು, ಯಾರ ಕೈಯಲ್ಲೂ ಕಳಿಸಬೇಡ. ಡಬ್ಬಿಯಲ್ಲಿ ತೂತು ಕೊರೆಯುವ ಬಿಟ್ಟುಗಳು ಆರು ಇದ್ದವು. ಒಂದು ಕಡಿಮೆಯಾಗಿದ್ದರೂ ಬಾಗಿಲಲ್ಲೇ ನಿಲ್ಲಿಸಿಕೊಂಡು ಬೈಯುತ್ತೇನೆ, ಕತ್ತೆ ಭಡವ.